ಬರ್ನ್ಸ್ ಸಾಹುಕಾರನ ಮರೆವು

ಲೋಭಿಯನ್ನು ಕಂಡು ನಗುವುದು ಹಾಸ್ಯಸಾಹಿತ್ಯದ ಹಳೆಯ ವಾಡಿಕೆ. ಗಂಟಿನ ಮೇಲೆ ಕುಳಿತು ಗಂಜಿಗೂ ಲೆಕ್ಕ ಹಾಕುವ ಮುದುಕ ಯಾವ ನಾಡಿನ ರಂಗಭೂಮಿಗೂ ಅಪರಿಚಿತನಲ್ಲ. ಅಮೆರಿಕದ ‘ದಿ ಸಿಂಪ್ಸನ್ಸ್’ ಎಂಬ ಟೆಲಿವಿಷನ್ ಚಿತ್ರಮಾಲೆಯ ಮಾಂಟ್ಗೊಮರಿ ಬರ್ನ್ಸ್ ಕೂಡ ಅದೇ ಕುಲದವನು. ಆದರೆ ಅವನನ್ನು ನೋಡಿ ನಕ್ಕ ಮೇಲೆ ನನ್ನ ಮನಸ್ಸಿನಲ್ಲಿ ಉಳಿದುದು ಅವನ ಲೋಭವಲ್ಲ, ಅವನ ಮರೆವು.

ಮ್ಯಾಟ್ ಗ್ರೇನಿಂಗ್ ಸೃಷ್ಟಿಸಿದ ಈ ಮಾಲೆ 1989ರ ಡಿಸೆಂಬರಿನಲ್ಲಿ ಆರಂಭವಾಯಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರಿನ ಅಣುವಿದ್ಯುತ್ ಸ್ಥಾವರಕ್ಕೆ ಬರ್ನ್ಸ್ ಒಡೆಯ. ಬಾಗಿದ ಬೆನ್ನು, ಹದ್ದಿನ ಮೂಗು, ಕಡ್ಡಿಯಂಥ ತೋಳು; ದುರಾಲೋಚನೆ ಹೊಳೆದಾಗಲೆಲ್ಲ ಬೆರಳುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ‘ಎಕ್ಸಲೆಂಟ್’ ಎಂದು ರಾಗವೆಳೆಯುತ್ತಾನೆ. ವಿಕೃತವಾದ ರೂಪವೂ ಮಾತೂ ಹಾಸ್ಯಕ್ಕೆ ವಿಭಾವವೆಂದು ನಮ್ಮ ಲಾಕ್ಷಣಿಕರು ಹೇಳಿದುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

1990ರ ಒಂದು ಕಂತಿನಲ್ಲಿ ಸ್ಥಾವರದ ಬಳಿಯ ನೀರಿನಲ್ಲಿ ಮೂರು ಕಣ್ಣಿನ ಮೀನೊಂದು ಗಾಳಕ್ಕೆ ಬೀಳುತ್ತದೆ. ತನಿಖೆ ಬರುತ್ತದೆ. ಸ್ಥಾವರವನ್ನು ಸರಿಪಡಿಸುವುದಕ್ಕಿಂತ ರಾಜ್ಯದ ಗವರ್ನರನಾಗುವುದೇ ಅಗ್ಗವೆಂದು ಬರ್ನ್ಸ್ ಚುನಾವಣೆಗೆ ನಿಲ್ಲುತ್ತಾನೆ. ಮತದಾನದ ಹಿಂದಿನ ರಾತ್ರಿ, ತನ್ನ ನೌಕರ ಹೋಮರ್ ಸಿಂಪ್ಸನ್ನನ ಮನೆಯಲ್ಲಿ, ಕ್ಯಾಮೆರಾಗಳೆದುರು ಊಟಕ್ಕೆ ಕೂರುತ್ತಾನೆ. ಹೋಮರನ ಹೆಂಡತಿ ಮಾರ್ಜ್ ಸದ್ದಿಲ್ಲದೆ ಅದೇ ಜಾತಿಯ ಮೀನನ್ನು ಬಡಿಸುತ್ತಾಳೆ. ಬಾಯಿಗಿಟ್ಟ ತುತ್ತನ್ನು ಅವನು ಉಗುಳುತ್ತಾನೆ. ಅಲ್ಲಿಗೆ ಅವನ ಚುನಾವಣೆ ಮುಗಿಯಿತು. ತಾನು ಊರಿಗೆ ಉಣಿಸಿದುದನ್ನು ತಾನೇ ನುಂಗಲಾರದೆ ಹೋದನು.

ಆದರೂ ಅವನು ಕೇವಲ ರಾಕ್ಷಸನಲ್ಲ. 1993ರ ‘ರೋಸ್‌ಬಡ್’ ಎಂಬ ಕಂತು, ಆರ್ಸನ್ ವೆಲ್ಸನ ‘ಸಿಟಿಜನ್ ಕೇನ್’ ಚಿತ್ರದ ಅಣಕ. ಬಾಲ್ಯದಲ್ಲಿ ಪ್ರೀತಿಯ ತಂದೆತಾಯಿಗಳನ್ನು ಬಿಟ್ಟು, ಪ್ರೀತಿಯೇ ಅರಿಯದ ಕುಬೇರನೊಬ್ಬನೊಡನೆ ಹೊರಟಾಗ ಬರ್ನ್ಸ್ ತನ್ನ ಆಟಿಕೆಯ ಕರಡಿ ಬೊಬೊವನ್ನು ಹಿಮದಲ್ಲಿ ಬಿಟ್ಟುಹೋಗಿದ್ದ. ಎಷ್ಟೋ ಕಾಲದ ಮೇಲೆ ಅದು ಹೋಮರನ ಕಿರಿಯ ಮಗು ಮ್ಯಾಗಿಯ ಕೈಗೆ ಸೇರುತ್ತದೆ. ಮುದುಕನು ಹಣ ಒಡ್ಡುತ್ತಾನೆ, ಕದಿಯಲು ನೋಡುತ್ತಾನೆ, ಬೆದರಿಸುತ್ತಾನೆ, ಒಂದೂ ಸಾಗದು. ಸೋತು ಹಿಂದಿರುಗುವಾಗ, ಇನ್ನೂ ಮಾತು ಬಾರದ ಆ ಕೂಸು ತಾನಾಗಿಯೇ ಕರಡಿಯನ್ನು ಅವನಿಗೆ ಕೊಡುತ್ತದೆ. ಇನ್ನು ಮುಂದೆ ಎಲ್ಲರಿಗೂ ಒಳ್ಳೆಯವನಾಗಿರುವೆನೆಂದು ಅವನು ಹಿಗ್ಗುತ್ತಾನೆ.

ಎರಡು ವರ್ಷ ಕಳೆಯಿತು. 1995ರಲ್ಲಿ ಇದೇ ಬರ್ನ್ಸ್, ಸೂರ್ಯನು ಬೆಳಕನ್ನು ಬಿಟ್ಟಿಯಾಗಿ ಹಂಚುತ್ತಾನೆಂಬ ಹೊಟ್ಟೆಯುರಿಯಿಂದ, ಊರಿಗೆ ಬಿಸಿಲು ತಾಗದಂತೆ ಯಂತ್ರವೊಂದನ್ನು ಹೂಡುತ್ತಾನೆ. ತನ್ನ ಹೆಸರು ಯಜಮಾನನಿಗೆ ಎಂದೂ ನೆನಪಿರದೆಂದು ರೋಸಿದ ಹೋಮರ್ ಅವನ ಕಚೇರಿಯ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಅದನ್ನು ಬರೆಯುತ್ತಾನೆ. ಓದಿದ ಮೇಲೂ ಬರ್ನ್ಸ್ ಕೇಳುವುದು ಒಂದೇ ಪ್ರಶ್ನೆ: ನೀನು ಯಾರು? ಕೊನೆಗೆ ಯಾರೋ ಅವನಿಗೆ ಗುಂಡು ಹೊಡೆಯುತ್ತಾರೆ. ಹೊಡೆದವರು ಯಾರೆಂದು ತಿಳಿಯಲು ನೋಡುಗರು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಕಾದರು. ತಿಳಿದುಬಂದುದು ಇಷ್ಟು: ಅವನು ಮ್ಯಾಗಿಯ ಕೈಯ ಮಿಠಾಯಿಯನ್ನು ಕಸಿಯಲು ಹೋದ, ಆ ಎಳೆದಾಟದಲ್ಲಿ ಅವನದೇ ಪಿಸ್ತೂಲು ಜಾರಿ ಮಗುವಿನ ಕೈಸೇರಿ ಹಾರಿತು.

ಕರಡಿ ಕೊಟ್ಟ ಕೈಯೂ ಅದೇ, ಮಿಠಾಯಿ ಹಿಡಿದ ಕೈಯೂ ಅದೇ. ಬರೆದವರು ಇದನ್ನು ಎಣಿಸಿ ಮಾಡಿದರೋ ಇಲ್ಲವೋ, ನನಗೆ ಅದರಲ್ಲಿ ಲೋಭದ ಲಕ್ಷಣವೇ ಕಂಡಿತು. ಕೂಡಿಡುವುದು ಅದರ ಹೊರ ಚಿಹ್ನೆ. ಕೊಟ್ಟವರನ್ನು ಮರೆಯುವುದು ಅದರ ಒಳ ತಿರುಳು. ರನ್ನನ ದುರ್ಯೋಧನನೂ ಪ್ರತಿನಾಯಕನೇ; ಆದರೆ ರಣರಂಗದಲ್ಲಿ ಕರ್ಣನನ್ನೂ ದುಶ್ಶಾಸನನನ್ನೂ ನೆನೆದು ಅತ್ತುದರಿಂದ ನಮ್ಮ ಗೌರವಕ್ಕೆ ಪಾತ್ರನಾದನು. ಬರ್ನ್ಸನಿಗೆ ನೆನೆಯಲು ಹೆಸರುಗಳೇ ಇಲ್ಲ.

ಅವನು ಗುಂಡೇಟಿನಿಂದಲೂ ಉಳಿದುಕೊಂಡ. ಪ್ರತಿ ಕಂತಿನ ಕೊನೆಗೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವುದು ಈ ಮಾಲೆಯ ಧರ್ಮ. ಸ್ಥಾವರ ಅವನದಾಗಿಯೇ ಉಳಿಯುತ್ತದೆ. ನಾವೂ ನಕ್ಕು ಎದ್ದುಹೋಗುತ್ತೇವೆ. ನಗೆಯು ಲೋಭಿಗೆ ಶಿಕ್ಷೆಯೆಂದು ನಾನು ಬಹುಕಾಲ ನಂಬಿದ್ದೆ. ಅದು ಕೆಲವೊಮ್ಮೆ ಕ್ಷಮೆಯೂ ಆಗಿಬಿಡುತ್ತದೆಂದು ಈ ಮುದುಕನಿಂದ ಕಲಿತೆ. ಅವನು ಮರೆಯಲಿ, ಅದು ಅವನ ಸ್ವಭಾವ. ನಕ್ಕವರಾದ ನಾವಾದರೂ ಆ ಮಗುವಿನ ಕೈಯನ್ನು ನೆನಪಿಡಬೇಕು.