ಮಗುವಿಗೊಂದು ಫೈಬರ್ ಆನೆ: ಮನೆಯಲ್ಲೇ ಮಾಡುವ ಮುನ್ನ

ಮೂರು ವರ್ಷದ ಮಗು ಕುಳಿತು ಕಾಲಿನಿಂದ ತಳ್ಳಿಕೊಂಡು ಹೋಗುವ ಆಟದ ಗಾಡಿಗಾಗಿ ಹಟ ಹಿಡಿದಿದೆ. ಅಂಗಡಿಯಲ್ಲಿರುವ ಪ್ಲಾಸ್ಟಿಕ್ ಗಾಡಿ ನಾಲ್ಕು ದಿನಕ್ಕೆ ಮುರಿಯುತ್ತದೆ. ಗಟ್ಟಿಮುಟ್ಟಾದುದನ್ನು ನಾವೇ ಮಾಡಿದರೇನು ಎಂದು ನಿಮಗೆ ಅನಿಸಬಹುದು. ಜಾತ್ರೆಯ ತಿರುಗು ತೊಟ್ಟಿಲಿನ ಕುದುರೆ, ಉದ್ಯಾನದ ಜಾರುಬಂಡಿ, ಮಲ್ಪೆ-ಮಂಗಳೂರಿನ ಮೀನುಗಾರರ ಅನೇಕ ದೋಣಿಗಳು, ಎಲ್ಲವೂ ಫೈಬರ್ ಗ್ಲಾಸ್‌ನವು. ಮಳೆ, ಬಿಸಿಲಿಗೆ ಬಗ್ಗದ ವಸ್ತು ಇದು. ಸಾಮಗ್ರಿಯೂ ಸುಲಭವಾಗಿ ಸಿಗುತ್ತದೆ.

ಆದರೆ ಒಂದು ಮಾತು ನೆನಪಿರಲಿ. ಚೆನ್ನಾಗಿ ಒಣಗಿ, ನುಣುಪಾಗಿ, ಬಣ್ಣ ಬಳಿದ ಫೈಬರ್ ಆಟಿಕೆಯಿಂದ ಮಗುವಿಗೆ ಹೆಚ್ಚಿನ ಅಪಾಯವಿಲ್ಲ. ಅಪಾಯವಿರುವುದು ಅದನ್ನು ತಯಾರಿಸುವ ದಿನಗಳಲ್ಲಿ. ಆ ದಿನಗಳಲ್ಲಿ ಹಸಿ ದ್ರವ, ಆವಿ ಮತ್ತು ಧೂಳು ಮನೆಯೊಳಗೆ ಬಂದರೆ, ಯಾರ ಸಂತೋಷಕ್ಕಾಗಿ ಈ ಕೆಲಸಕ್ಕೆ ಇಳಿದಿರೋ ಆ ಮಗುವಿಗೇ ಮೊದಲ ಪೆಟ್ಟು ಬೀಳುತ್ತದೆ.

ಡಬ್ಬಿಯಲ್ಲಿ ಏನಿದೆ?

ಅಂಗಡಿಯಿಂದ ನೀವು ತರುವುದು ಸಾಮಾನ್ಯವಾಗಿ ನಾಲ್ಕು ವಸ್ತು. ಒಂದು, ಗಾಜಿನ ಎಳೆಗಳಿಂದ ಮಾಡಿದ ಬಿಳಿ ಹಾಸು. ಇದನ್ನು ಮ್ಯಾಟ್ ಎನ್ನುತ್ತಾರೆ. ಎರಡು, ಜೇನಿನಂತೆ ಮಂದವಾದ ಪಾಲಿಯೆಸ್ಟರ್ ರೆಸಿನ್. ಮೂರು, ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್. ನಾಲ್ಕು, ನೀರಿನಂತೆ ತಿಳಿಯಾದ ಹಾರ್ಡನರ್. ರೆಸಿನ್‌ಗೆ ಮೊದಲು ಆಕ್ಸಿಲರೇಟರ್, ನಂತರ ಹಾರ್ಡನರ್ ಬೆರೆಸಿದಾಗ ಅದು ಬಿಸಿಯಾಗಿ ಗಟ್ಟಿಯಾಗುತ್ತದೆ. ಒಳಗಿನ ಗಾಜಿನ ಎಳೆ ಅದಕ್ಕೆ ಬಲ ಕೊಡುತ್ತದೆ.

ಆವಿ: ಜಾಗವನ್ನು ಮೊದಲು ನೋಡಿ

ರೆಸಿನ್‌ನ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಟೈರೀನ್ ಎಂಬ ದ್ರವ ಇರುವುದುಂಟು. ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ಘಾಟು ಅದರದೇ. ಕಣ್ಣು ಉರಿ, ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2018ರಲ್ಲಿ ಸ್ಟೈರೀನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಒಂದು ಆಟಿಕೆ ಮಾಡಿದ ಮಾತ್ರಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವ ಅಗತ್ಯ ಯಾರಿಗೂ ಇಲ್ಲ.

ಈ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ, ಅಂದರೆ ಅಂಬೆಗಾಲಿಡುವ ಮಗುವಿನ ಮೂಗಿನ ಎತ್ತರದಲ್ಲಿ ಹರಡುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಆದ್ದರಿಂದ ಅಡುಗೆಮನೆ, ಮಲಗುವ ಕೋಣೆ, ಫ್ಲ್ಯಾಟಿನ ಬಾಲ್ಕನಿ, ಮನೆಗೆ ಅಂಟಿದ ಕಾರ್ ಶೆಡ್ ಯಾವುದೂ ಬೇಡ. ತೆರೆದ ಅಂಗಳದ ಗಾಳಿಯಾಡುವ ಮೂಲೆಯೇ ಸರಿಯಾದ ಜಾಗ. ಗರ್ಭಿಣಿಯರು, ಮಕ್ಕಳು, ಉಬ್ಬಸ ಇರುವವರು ಆ ಕಡೆ ಬರಬಾರದು.

ಸುಮಾರು 31–32 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸ್ಟೈರೀನ್ ಆವಿಗೆ ಬೆಂಕಿ ತಗಲಬಹುದು. ನಮ್ಮ ಕರಾವಳಿಯ ಬೇಸಿಗೆಯಲ್ಲಿ ಅಷ್ಟು ಬಿಸಿ ಸಾಮಾನ್ಯ. ಒಲೆ, ಬೀಡಿ-ಸಿಗರೇಟು, ವೆಲ್ಡಿಂಗ್ ಕಿಡಿ ಹತ್ತಿರ ಬರಬಾರದು. ಮಳೆಗಾಲದಲ್ಲೂ ಈ ಕೆಲಸ ಬೇಡ. ತೇವವಿದ್ದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಬಟ್ಟೆಯ ಮಾಸ್ಕ್ ಆಗಲಿ, ಆಸ್ಪತ್ರೆಯ ಮಾಸ್ಕ್ ಆಗಲಿ ಈ ಆವಿಯನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ, ರೆಸಿನ್ ಮೆತ್ತಿದೊಡನೆ ಬದಲಿಸಿ.

ನೀರಿನಂತೆ ಕಾಣುವ ವಿಷ

ಎಲ್ಲಕ್ಕಿಂತ ಅಪಾಯಕಾರಿ ಆ ತಿಳಿ ಹಾರ್ಡನರ್. ಇದರ ಹೆಸರು ಎಂ.ಇ.ಕೆ.ಪಿ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಕುಡಿದರೆ ಗಂಟಲು, ಹೊಟ್ಟೆ ಸುಟ್ಟು ಪ್ರಾಣಕ್ಕೇ ಕುತ್ತು. ಚಿಲ್ಲರೆಯಾಗಿ ಕೊಳ್ಳುವಾಗ ಅಂಗಡಿಯವರು ಇದನ್ನು ಹಳೆಯ ನೀರಿನ ಬಾಟಲಿಗೆ ಸುರಿದು ಕೊಡಲು ಬಂದರೆ ಖಂಡಿತ ಬೇಡವೆನ್ನಿ. ಬಾಯಾರಿದ ಮಗುವಿಗೆ ಅದು ನೀರೇ. ಮೂಲ ಡಬ್ಬಿಯಲ್ಲೇ ಕೊಳ್ಳಿರಿ, ಬೀಗ ಹಾಕಿದ ತಂಪು ಜಾಗದಲ್ಲಿಡಿ, ಕಣ್ಣಿಗೆ ಮುಚ್ಚಿದ ಕನ್ನಡಕ ಹಾಕದೆ ಮುಚ್ಚಳ ತೆರೆಯಬೇಡಿ.

ಇನ್ನೊಂದು ಕಟ್ಟುನಿಟ್ಟಿನ ನಿಯಮ: ಆಕ್ಸಿಲರೇಟರ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಎಂದೂ ತಾಗಬಾರದು. ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ರೆಸಿನ್‌ಗೆ ಆಕ್ಸಿಲರೇಟರ್ ಹಾಕಿ ಚೆನ್ನಾಗಿ ಕಲಸಿ. ಆಮೇಲಷ್ಟೇ ಹಾರ್ಡನರ್ ಹಾಕಿ. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ, ಬೇರೆ ಬೇರೆ ಕಡ್ಡಿ ಇರಲಿ. ಆಕ್ಸಿಲರೇಟರ್ ಮೊದಲೇ ಬೆರೆಸಿದ ರೆಸಿನ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಹಾರ್ಡನರ್ ಸಾಮಾನ್ಯವಾಗಿ ರೆಸಿನ್ ತೂಕದ ಶೇ. 1ರಿಂದ 2, ಅಂದರೆ ಅರ್ಧ ಕಿಲೋಗೆ 5ರಿಂದ 10 ಗ್ರಾಂ. ಡಬ್ಬಿಯ ಮೇಲಿನ ಅಳತೆಯೇ ಅಂತಿಮ.

ಒಮ್ಮೆಗೆ ಅರ್ಧ ಕಿಲೋಗಿಂತ ಹೆಚ್ಚು ಕಲಸಬೇಡಿ. ದೊಡ್ಡ ಪಾತ್ರೆಯಲ್ಲಿ ಉಳಿದ ಮಿಶ್ರಣ ತನ್ನ ಬಿಸಿಯಲ್ಲೇ ಹೊಗೆಯಾಡಿ ಹೊತ್ತಿಕೊಳ್ಳಬಹುದು. ಉಳಿದದ್ದನ್ನು ಅಗಲವಾದ ತಗಡಿನ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾದ ನಂತರವೇ ಎಸೆಯಿರಿ. ಬಚ್ಚಲಿಗೆ, ತೋಡಿಗೆ ಸುರಿಯಬೇಡಿ.

ಆನೆಯ ಮೈ

ಆಕಾರಕ್ಕೆ ಥರ್ಮಾಕೋಲ್ ಕೊರೆಯುವುದು ಸುಲಭ. ಆದರೆ ಹಸಿ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಅದನ್ನು ಕಂದು ಪ್ಯಾಕಿಂಗ್ ಟೇಪಿನಿಂದ ಸಂದಿಲ್ಲದಂತೆ ಸುತ್ತಿ, ಮೇಲೆ ಮೇಣ ಸವರಿ. ನಂತರ 450 ಗ್ರಾಂ ಮ್ಯಾಟ್‌ನ ಮೂರು ಪದರ ಹಾಕಿ, ಪ್ರತಿ ಪದರವನ್ನೂ ರೆಸಿನ್‌ನಿಂದ ತೋಯಿಸಿ, ಬ್ರಶ್‌ನಿಂದ ಗುಳ್ಳೆ ಒತ್ತಿ ತೆಗೆಯಿರಿ. ಒಂದು ಪದರಕ್ಕೆ ಸುಮಾರು ಒಂದು ಮಿ.ಮೀ. ದಪ್ಪ ಬರುತ್ತದೆ. ಕೂರುವ ಜಾಗಕ್ಕೆ ಇನ್ನೊಂದೆರಡು ಪದರ ಹೆಚ್ಚಿರಲಿ. ಗಟ್ಟಿಯಾದ ಮೇಲೆ ಒಳಗಿನ ಥರ್ಮಾಕೋಲ್ ತೆಗೆದು, ಚಕ್ರಗಳನ್ನು ದಪ್ಪ ಪ್ಲೈವುಡ್ ತಳಕ್ಕೆ ಬಿಗಿಯಿರಿ.

ಮಗು ಕುಳಿತಾಗ ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ತಾಗುವಷ್ಟೇ ಎತ್ತರ ಸಾಕು. ತಳ ಅಗಲವಾಗಿರಲಿ. ಮಗು ಒಂದು ಬದಿಗೆ ವಾಲಿದರೂ ಗಾಡಿ ಮಗುಚಬಾರದು. ಚಕ್ರ ಮತ್ತು ಮೈಯ ನಡುವಿನ ಸಂದು 5 ಮಿ.ಮೀ.ಗಿಂತ ಕಡಿಮೆ ಅಥವಾ 12 ಮಿ.ಮೀ.ಗಿಂತ ಹೆಚ್ಚು ಇರಬೇಕು. ಇವೆರಡರ ನಡುವಿನ ಅಳತೆಯಲ್ಲಿ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ.

ಉಜ್ಜುವಾಗ ಏಳುವ ಧೂಳು

ಗಟ್ಟಿಯಾದ ಮೈಯನ್ನು ಉಜ್ಜುವಾಗ ಗಾಜಿನ ಸಣ್ಣ ಚೂರುಗಳು ಹಾರುತ್ತವೆ. ಅವು ಚರ್ಮಕ್ಕೆ ಚುಚ್ಚಿ ತುರಿಕೆ, ಕಣ್ಣಿಗೆ ಉರಿ, ಗಂಟಲಿಗೆ ಕೆಮ್ಮು ತರುತ್ತವೆ. ನೀರು ಹಾಕಿ ವಾಟರ್ ಪೇಪರ್‌ನಿಂದ ಉಜ್ಜಿದರೆ ಧೂಳು ಕಡಿಮೆ. ಉದ್ದ ತೋಳಿನ ಅಂಗಿ, ಕನ್ನಡಕ, ಎನ್-95 ಮಾಸ್ಕ್ ಧರಿಸಿ. ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಕೆಲಸ ಮುಗಿಸಿ ಬಂದವರ ಬಳಿಗೆ ಮಗು ಓಡಿಬರುತ್ತದೆ. ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ, ಮೈ ತೊಳೆದುಕೊಳ್ಳಿ. ತುರಿಸಿದರೆ ಕೆರೆಯಬೇಡಿ, ಹರಿಯುವ ತಣ್ಣೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ನೆನೆಹಾಕಬೇಡಿ. ಬಕೆಟನ್ನೂ ಚೆನ್ನಾಗಿ ತೊಳೆಯಿರಿ.

ಮಗು ಕೂರುವ ಮೊದಲು

ಮುಟ್ಟಿದರೆ ಗಟ್ಟಿ ಎಂದ ಮಾತ್ರಕ್ಕೆ ಆಟಿಕೆ ಸಿದ್ಧವಾಗಲಿಲ್ಲ. ಪೂರ್ತಿ ಒಣಗಲು ದಿನಗಳು ಬೇಕು, ವಾಸನೆ ವಾರಗಟ್ಟಲೆ ಉಳಿಯಬಹುದು. ಬಿಸಿಲು, ಗಾಳಿಯಲ್ಲಿ ಹೊರಗೇ ಇಡಿ. ವಾಸನೆ ಬರುವವರೆಗೂ, ಮೈ ಜಿಗುಟಾಗಿರುವವರೆಗೂ ಮನೆಯೊಳಗೆ ತರಬೇಡಿ. ನಂತರ ಹಳೆಯ ನೈಲಾನ್ ಕಾಲುಚೀಲವನ್ನು ಅಂಚು, ಮೂಲೆ, ತಳ, ಒಳಮೈ ಎಲ್ಲದರ ಮೇಲೂ ಎಳೆಯಿರಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಗಾಜಿನ ಎಳೆ ಹೊರಗಿದೆ. ಅಲ್ಲಿ ಮತ್ತೆ ಉಜ್ಜಿ, ರೆಸಿನ್ ಸವರಿ. ಒಳಮೈಗೂ ಬಣ್ಣ ಬೇಕು, ಮಕ್ಕಳ ಕೈ ಎಲ್ಲಿಗೂ ಹೋಗುತ್ತದೆ. ಸೀಸವಿಲ್ಲವೆಂದು ಡಬ್ಬಿಯ ಮೇಲೆ ನಮೂದಿಸಿದ ಬಣ್ಣವನ್ನೇ ಆರಿಸಿ. ಮುಂದೆ ಎಂದಾದರೂ ಬಿರುಕು ಬಿಟ್ಟರೆ ದುರಸ್ತಿಯಾಗುವವರೆಗೆ ಆಟಿಕೆಯನ್ನು ಎತ್ತಿಡಿ.

ಅವಘಡವಾದರೆ

ಕಣ್ಣಿಗೆ ಸಿಡಿದರೆ ತಕ್ಷಣ, ರೆಪ್ಪೆ ಬಿಡಿಸಿ, ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸಿ, ಆಮೇಲೆ ಆಸ್ಪತ್ರೆಗೆ ಓಡಿ. ಇದಕ್ಕಾಗಿ ಕೆಲಸದ ಜಾಗದಲ್ಲಿ ನೀರು ಮೊದಲೇ ಸಿದ್ಧವಿರಲಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ವೈದ್ಯರಿಗೆ ತೋರಿಸಿ. ತಲೆಸುತ್ತು ಬಂದವರನ್ನು ತೆರೆದ ಗಾಳಿಗೆ ಕರೆತನ್ನಿ. ಚರ್ಮಕ್ಕೆ ಮೆತ್ತಿದ ರೆಸಿನ್ ಅನ್ನು ಬಟ್ಟೆಯಿಂದ ಒರೆಸಿ ಸೋಪು-ನೀರಿನಿಂದ ತೊಳೆಯಿರಿ. ಥಿನ್ನರ್, ಅಸಿಟೋನ್ ಹಚ್ಚಬೇಡಿ.

ಇಷ್ಟೆಲ್ಲ ಓದಿ, ನಮ್ಮಲ್ಲಿ ಅಂಗಳವಿಲ್ಲ, ಬೀಗ ಹಾಕುವ ಜಾಗವಿಲ್ಲ ಎನಿಸಿದರೆ ಬೇಸರ ಬೇಡ. ದೋಣಿ ಅಥವಾ ನೀರಿನ ಟ್ಯಾಂಕಿ ಮಾಡುವ ಕಾರ್ಯಾಗಾರದಲ್ಲಿ ಫೈಬರ್ ಮೈಯನ್ನಷ್ಟೇ ಮಾಡಿಸಿ, ವಾಸನೆ ಹೋಗುವವರೆಗೆ ಅಲ್ಲೇ ಬಿಡಿ. ಚಕ್ರ ಜೋಡಿಸುವುದು, ಆನೆಗೆ ಕಣ್ಣು ಬರೆಯುವುದು ನಿಮ್ಮ ಕೈಯಿಂದಲೇ ಆಗಲಿ. ಆ ಕೆಲಸಕ್ಕೆ ಮಗುವೂ ನಿಮ್ಮ ಪಕ್ಕದಲ್ಲಿ ಕೂರಬಹುದು.