ಒಂದು ಕಿರುಗೆರೆ, ಎರಡು ಅರ್ಥ

ಒಮಾನಿನಲ್ಲಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮನೆಮಾತು ಕನ್ನಡ, ಪಾಠದ ಮಾತು ಇಂಗ್ಲಿಷ್. ಒಂದು ಇನ್ನೊಂದಕ್ಕೆ ಅಡ್ಡಿಯಾದೀತೆಂದು ಕೆಲವು ಪಾಲಕರು ಮನೆಯಲ್ಲೂ ಮಕ್ಕಳಿಂದ ಇಂಗ್ಲಿಷನ್ನೇ ಆಡಿಸುತ್ತಾರೆ. ಆದರೆ ಇಂಗ್ಲಿಷ್ ವ್ಯಾಕರಣದ ಒಂದು ತೊಡಕಿನ ಭಾಗಕ್ಕೆ ಕನ್ನಡವೇ ಕೀಲಿಕೈ. ಅದೇ ಕಾಂಪೌಂಡ್ ಅಡ್ಜೆಕ್ಟಿವ್. ಎಂದರೆ, ಎರಡು ಅಥವಾ ಹೆಚ್ಚು ಪದಗಳು ಕೂಡಿ ಒಂದೇ ಗುಣವಾಚಕವಾಗುವುದು. ನಮ್ಮ ಸಮಾಸದ ಹತ್ತಿರದ ನೆಂಟ ಎನ್ನಬಹುದು.

ಹೈಫನ್ ಏಕೆ ಬೇಕು?

ಮತ್ರಾದ ಮೀನು ಮಾರುಕಟ್ಟೆಯನ್ನು ನೆನೆಯೋಣ. 'ಮ್ಯಾನ್ ಈಟಿಂಗ್ ಫಿಶ್' ಎಂದು ಬಿಡಿಸಿ ಬರೆದರೆ ಮೀನು ತಿನ್ನುತ್ತಿರುವ ಮನುಷ್ಯ. 'ಮ್ಯಾನ್-ಈಟಿಂಗ್ ಫಿಶ್' ಎಂದರೆ ಮನುಷ್ಯನನ್ನೇ ತಿನ್ನುವ ಮೀನು! ಹಾಗೆಯೇ 'ಟ್ವೆಂಟಿ ಫೋರ್-ಅವರ್ ಶಿಫ್ಟ್ಸ್' ಎಂದರೆ ನಾಲ್ಕು ಗಂಟೆಯ 20 ಪಾಳಿಗಳು. 'ಟ್ವೆಂಟಿ-ಫೋರ್-ಅವರ್ ಶಿಫ್ಟ್ಸ್' ಎಂದರೆ 24 ಗಂಟೆಯ ಪಾಳಿಗಳು. ದುಡಿಯುವ ಅಪ್ಪ ಅಮ್ಮಂದಿರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಏಕವಚನದ ನಿಯಮ

'ಟೆನ್ ರಿಯಾಲ್ಸ್' ಸರಿ. ಆದರೆ ನೋಟು 'ಟೆನ್-ರಿಯಾಲ್ ನೋಟ್'. ಮಗು 'ಫೈವ್ ಇಯರ್ಸ್ ಓಲ್ಡ್'. ಆದರೆ 'ಎ ಫೈವ್-ಇಯರ್-ಓಲ್ಡ್ ಚೈಲ್ಡ್'. ಇಲ್ಲಿ 'ಎಸ್' ಸೇರಿಸಿ ಅಂಕ ಕಳೆದುಕೊಳ್ಳುವವರು ಬಹಳ. ನಾವು ಕನ್ನಡದಲ್ಲಿ 'ಹತ್ತು ರಿಯಾಲಿನ ನೋಟು', 'ಐದು ವರ್ಷದ ಮಗು' ಎಂದೇ ಹೇಳುತ್ತೇವಲ್ಲವೇ? ಅದನ್ನು ನೆನೆದರೆ ಸಾಕು.

ಅರ್ಥ ಬಿಡಿಸುವ ಬಗೆ

13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಮಾಸಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಸಮಾಸವನ್ನು ಬಿಡಿಸಿ ಹೇಳುವುದೇ ವಿಗ್ರಹವಾಕ್ಯ. ಇಂಗ್ಲಿಷಿನಲ್ಲೂ ಹಾಗೆ ಮಾಡೋಣ.

'ಸನ್-ಡ್ರೈಡ್' ನಿಂಬೆ: ಬಿಸಿಲಿನಲ್ಲಿ ಒಣಗಿದ್ದು.
'ಹ್ಯಾಂಡ್-ವೋವನ್' ಕಂಬಳಿ: ಕೈಯಿಂದ ನೇಯ್ದದ್ದು.
'ಶುಗರ್-ಫ್ರೀ' ಬಿಸ್ಕತ್ತು: ಸಕ್ಕರೆ ಇಲ್ಲದ್ದು. ಸಕ್ಕರೆ ಉಚಿತವೆಂದಲ್ಲ!
'ತ್ರೀ-ಐಡ್': ಮೂರು ಕಣ್ಣುಳ್ಳ, ನಮ್ಮ ಮುಕ್ಕಣ್ಣ.

ಕೊನೆಯದು ಬಹುವ್ರೀಹಿ. ಲೋಕದ ಭಾಷಾಶಾಸ್ತ್ರಜ್ಞರೂ ಇಂಥ ಪದಗಳಿಗೆ ಸಂಸ್ಕೃತದ ಈ ಹೆಸರನ್ನೇ ಬಳಸುತ್ತಾರೆ. 'ಐಡ್', 'ಹಾರ್ಟೆಡ್' ಎಂಬಲ್ಲಿನ 'ಡ್' ನಮ್ಮ 'ಉಳ್ಳ' ಮಾಡುವ ಕೆಲಸವನ್ನೇ ಮಾಡುತ್ತದೆ. 'ಕೈಂಡ್-ಹಾರ್ಟೆಡ್' ಎಂದರೆ ಕರುಣೆಯುಳ್ಳ.

ಕೆಲವು ಪದಗಳಿಗೆ ನೇರ ಅರ್ಥ ಸಾಲದು. 'ಟೈಟ್-ಫಿಸ್ಟೆಡ್' ಎಂದರೆ ಜಿಪುಣ, 'ಥಿಕ್-ಸ್ಕಿನ್ಡ್' ಎಂದರೆ ಟೀಕೆಗೆ ಜಗ್ಗದವನು. ಕನ್ನಡದಲ್ಲೂ ಇಂಥವನಿಗೆ 'ದಪ್ಪ ಚರ್ಮ' ಎನ್ನುತ್ತೇವೆ.

ಎಲ್ಲಿ ಹೈಫನ್ ಬೇಡ?

ನಾಮಪದದ ಮುಂಚೆ 'ಎ ವೆಲ್-ನೋನ್ ಫೋರ್ಟ್' ಎಂದು ಬರೆಯುತ್ತೇವೆ. ನಾಮಪದ ಮೊದಲೇ ಬಂದರೆ, 'ನಿಜ್ವಾ ಫೋರ್ಟ್ ಈಸ್ ವೆಲ್ ನೋನ್' ಎಂಬಲ್ಲಿ, ಸಾಮಾನ್ಯವಾಗಿ ಹೈಫನ್ ಬೇಡ. 'ನ್ಯೂಲಿ ಬಿಲ್ಟ್' ಎಂಬಂತೆ 'ಲಿ' ಕೊನೆಯಾದ ಕ್ರಿಯಾವಿಶೇಷಣದ ಬಳಿಕವೂ ಬೇಡ. 'ಹಾರ್ಡ್-ವರ್ಕಿಂಗ್' ಶ್ರಮಜೀವಿ; 'ಹಾರ್ಡ್ಲಿ ವರ್ಕಿಂಗ್' ಎಂದರೆ ಕೆಲಸವನ್ನೇ ಮಾಡದವನು. ಪ್ರಗತಿ ಪತ್ರದಲ್ಲಿ ಯಾವುದಿರಬೇಕೆಂದು ನೀವೇ ಆರಿಸಿಕೊಳ್ಳಿ!

ಮಕ್ಕಳೇ, ಇಂದಿನ ಪತ್ರಿಕೆಯಲ್ಲಿ ಇಂಥ ಐದು ಪದಗಳನ್ನು ಗುರುತಿಸಿ. ರಾತ್ರಿ ಊಟದ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಕೂತು ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಎರಡು ಭಾಷೆಗಳೂ ಒಟ್ಟಿಗೆ ಬೆಳೆಯುತ್ತವೆ.