ಗುಳಿಗೆ ನುಂಗುವುದು ದೌರ್ಬಲ್ಯವೇ?

ಕಳೆದ ತಪಸ್ಸುಕಾಲದಲ್ಲಿ ರೋಗಿಗಳಿಗೆ ಪರಮಪ್ರಸಾದ ನೀಡಲೆಂದು ಹೊರಟವನು, ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿದ್ದ ತಾಯಿಯೊಬ್ಬರ ಮನೆಗೆ ಹೋದೆ. ಮೊದಲ ಸುತ್ತು ಮುಗಿದು ಮೂರು ದಿನಗಳಾಗಿದ್ದವು. ಮಂಚದ ಬಳಿ ಒಂದು ಬೋಗುಣಿ. ಕಿಟಕಿಯಲ್ಲಿ ಮುಟ್ಟದೆ ಇಟ್ಟ ಗುಳಿಗೆಗಳು.

"ಸ್ವಾಮಿ, ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಟ್ಟಾಗ ಪ್ರಭು ಕುಡಿಯಲಿಲ್ಲ. ನಾನು ವಾಂತಿಗೆ ಹೆದರಿ ಗುಳಿಗೆ ನುಂಗಲೇ?" ಎಂದು ಅವರು ಕೇಳಿದರು. ಬಾಗಿಲ ಬಳಿ ಮಗಳು ಹೇಳಿದ ಮಾತು ಇನ್ನೂ ಗಂಭೀರವಾಗಿತ್ತು: "ಅಮ್ಮ ಎರಡನೆಯ ಸುತ್ತಿಗೆ ಬರುವುದೇ ಇಲ್ಲ ಎನ್ನುತ್ತಿದ್ದಾರೆ, ಸ್ವಾಮಿ."

ಈ ಪ್ರಶ್ನೆ ಒಂದೇ ಮನೆಯದಲ್ಲ. ಆದ್ದರಿಂದ ಮೊದಲು ಸಂಗತಿಯನ್ನು ಅರಿಯೋಣ. ಕೀಮೋ ಔಷಧಿಯು ಕರುಳಿನ ಒಳಪದರದ ಕೆಲವು ಕೋಶಗಳನ್ನು ಘಾಸಿಗೊಳಿಸಿದಾಗ ಸೆರೊಟೋನಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಅದು ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ, ವಾಂತಿಯಾಗುತ್ತದೆ. ಇದು ಶರೀರದ ವ್ಯಾಪಾರವೇ ಹೊರತು ಮನೋಬಲದ ಅಥವಾ ವಿಶ್ವಾಸದ ಕೊರತೆಯಲ್ಲ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂಡಾನ್‌ಸೆಟ್ರಾನ್ ಆ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತದೆ. 2003ರಲ್ಲಿ ಬಂದ ಅಪ್ರೆಪಿಟಂಟ್ ಮತ್ತೊಂದು ದಾರಿಯನ್ನು ಮುಚ್ಚುತ್ತದೆ. ಇವುಗಳ ಜೊತೆಗೆ ಡೆಕ್ಸಾಮೆಥಸೋನ್ ಕೊಡುವುದುಂಟು.

ಓಲಾಂಜಪಿನ್ ಎಂಬ ಗುಳಿಗೆಯನ್ನು ಕಂಡು ಕೆಲವು ಮನೆಗಳು ಗಾಬರಿಯಾಗುತ್ತವೆ, ಏಕೆಂದರೆ ಅದು ಮಾನಸಿಕ ರೋಗಕ್ಕೆ ಬಳಸುವ ಔಷಧಿ. ಆದರೆ ಅದು ವಾಕರಿಕೆಯನ್ನೂ ಚೆನ್ನಾಗಿ ತಡೆಯುತ್ತದೆ. 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ಫಲ ಕುಂದದು, ಹಗಲಿನ ತೂಕಡಿಕೆ ಮಾತ್ರ ಕಡಿಮೆಯಾಗುತ್ತದೆ ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2024ರಲ್ಲಿ ತೋರಿಸಿಕೊಟ್ಟರು.

ಒಂದು ಮಾತನ್ನು ಕುಟುಂಬದವರು ನೆನಪಿಡಬೇಕು: ಈ ಔಷಧಿಗಳಿರುವುದು ವಾಂತಿ ಬಂದ ಮೇಲೆ ನಿಲ್ಲಿಸುವುದಕ್ಕಿಂತ ಮಿಗಿಲಾಗಿ, ಬಾರದಂತೆ ತಡೆಯಲು. ಮೊದಲ ದಿನ ಸುಖವಾಗಿ ಕಳೆಯಿತೆಂದು ಗುಳಿಗೆ ಬಿಟ್ಟವರನ್ನು ಎರಡನೆಯ, ಮೂರನೆಯ ದಿನ ವಾಂತಿ ಹಿಡಿಯಬಹುದು. ಒಮ್ಮೆ ತೀವ್ರವಾಗಿ ನರಳಿದವರಿಗೆ ಮುಂದಿನ ಸಲ ಆಸ್ಪತ್ರೆಯ ವಾಸನೆಯೇ ವಾಕರಿಕೆ ತರುವುದುಂಟು. ಡೆಕ್ಸಾಮೆಥಸೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಒಂಡಾನ್‌ಸೆಟ್ರಾನ್ ಮಲಬದ್ಧತೆ ತರಬಹುದು. ಇವನ್ನು ವೈದ್ಯರಿಗೆ ಹೇಳಿ, ತಾವಾಗಿಯೇ ಬಿಡಬೇಡಿ. ಕುಡಿದ ನೀರೂ ನಿಲ್ಲದಿದ್ದರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ತಿಳಿಸಿ.

ಇನ್ನು ಆ ತಾಯಿಯ ಪ್ರಶ್ನೆ. ತಪ್ಪಿಸಲಾಗದ ನೋವು ಬೇರೆ, ತಪ್ಪಿಸಬಹುದಾದ ನೋವು ಬೇರೆ. ಮೊದಲನೆಯದನ್ನು ಪ್ರಭುವಿನ ಯಾತನೆಯೊಡನೆ ಒಂದುಗೂಡಿಸಬಹುದು. ಎರಡನೆಯದನ್ನು ಹುಡುಕಿಕೊಂಡು ಹೋಗುವ ಕರ್ತವ್ಯ ಯಾರಿಗೂ ಇಲ್ಲ. ನೋವು ಶಮನಮಾಡುವ ಔಷಧಿಯನ್ನು ಕ್ರೈಸ್ತರು ನಿರಾಕರಿಸಲೇಬೇಕೆಂಬ ಕಟ್ಟಳೆ ಇಲ್ಲವೆಂದು ಜಗದ್ಗುರು ಹನ್ನೆರಡನೆಯ ಪಿಯುಸ್ 1957ರಲ್ಲೇ ವೈದ್ಯರಿಗೆ ಸ್ಪಷ್ಟಪಡಿಸಿದರು. ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಸಂತ ಥಾಮಸ್ ಅಕ್ವಿನಾಸರು ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ! "ಪ್ರಭು ತಮಗಾಗಿ ಆ ಪಾನವನ್ನು ನಿರಾಕರಿಸಿದರು ಅಮ್ಮ; ತಮ್ಮಲ್ಲಿಗೆ ಬಂದ ರೋಗಿಗಳಿಗೆ ಉಪಶಮನವನ್ನು ನಿರಾಕರಿಸಲಿಲ್ಲ" ಎಂದೆ.

ವಾಕರಿಕೆಯಿರುವವರಿಗೆ ಪರಮಪ್ರಸಾದದ ಸಣ್ಣ ತುಣುಕೇ ಸಾಕು, ಅದರಲ್ಲಿ ಪ್ರಭು ಪೂರ್ಣವಾಗಿ ಇದ್ದಾರೆ. ಒಂದು ಗಂಟೆಯ ಉಪವಾಸದ ನಿಯಮವೂ ರೋಗಿಗಳಿಗಾಗಲಿ ಅವರ ಆರೈಕೆ ಮಾಡುವವರಿಗಾಗಲಿ ಅನ್ವಯಿಸದು.

ಆ ತಾಯಿ ಎರಡನೆಯ ಸುತ್ತಿಗೆ ಹೋದರು. ಈ ಸಲ ಹೇಳಿದ ಹೊತ್ತಿಗೆ ಗುಳಿಗೆ ತೆಗೆದುಕೊಂಡರು. ವಾಕರಿಕೆ ಪೂರ್ತಿ ಹೋಗಲಿಲ್ಲ. ಆದರೆ ಮೂರನೆಯ ದಿನ ನಾನು ಹೋದಾಗ ಅವರು ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದರು.